ಅಮೃತಮಹಲ್ ಕಾವಲು ಮತ್ತು ಆಕಾಶಯಾನ

ಚಳ್ಳಕೆರೆ ಸೀಮೆಯಲ್ಲಿ ಮಳೆ ಕಡಿಮೆ, ಹುಲ್ಲು ಹೆಚ್ಚು. ನೇಗಿಲು ಕಾಣದ ಅಲ್ಲಿನ ಬಯಲನ್ನು ನೋಡಿ ಬರಡು ನೆಲವೆಂದು ಕಡತದಲ್ಲಿ ಬರೆದುಬಿಡುವವರುಂಟು. ಮೈಸೂರಿನ ಅರಸರಾದರೋ ಅದರ ಬೆಲೆಯನ್ನು ಚೆನ್ನಾಗಿ ಅರಿತಿದ್ದರು.

1672ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರು ಅರಮನೆಯ ದನಗಳಿಗಾಗಿ ಬೆಣ್ಣೆ ಚಾವಡಿಯನ್ನು ಏರ್ಪಡಿಸಿ, ಮೇವಿಗೆಂದು ಕಾವಲುಗಳನ್ನು ಬಿಡಿಸಿದರು. ಟಿಪ್ಪು ಸುಲ್ತಾನನು ಇದಕ್ಕೆ ಅಮೃತಮಹಲ್ ಎಂದು ಹೆಸರಿಟ್ಟನು. ಹೆಸರಿನಲ್ಲಿ ಬೆಣ್ಣೆ, ಅಮೃತಗಳಿದ್ದರೂ ಈ ತಳಿಯ ಕೀರ್ತಿ ಹಾಲಿನದಲ್ಲ, ಕಾಲಿನದು. ಹೈದರನು ಚಿದಂಬರದ ನೆರವಿಗೆ ಎರಡೂವರೆ ದಿವಸದಲ್ಲಿ ನೂರು ಮೈಲಿ ನಡೆದದ್ದು ಈ ಎತ್ತುಗಳ ಬಲದಿಂದಲೇ ಎಂದು ಗೆಜೆಟಿಯರುಗಳು ಹೇಳುತ್ತವೆ. ಶೇಡಬಾಳ, ಅಥಣಿ ಕಡೆಯ ರೈತನು ಖಿಲಾರಿ ಜೋಡಿಯ ಮೈದಡವುತ್ತ ಆಡುವ ಹೆಮ್ಮೆಯ ಮಾತನ್ನು ಕೇಳಿದವರಿಗೆ ಇದು ಉತ್ಪ್ರೇಕ್ಷೆ ಎನಿಸಲಾರದು!

ಸಾಕಣೆಯ ಕ್ರಮವು ಇನ್ನೂ ಸೊಗಸಾದುದು. ಬೇಸಿಗೆಯವು, ಮಳೆಗಾಲದವು, ಚಳಿಗಾಲದವು ಎಂದು ಕಾವಲುಗಳಲ್ಲಿ ಮೂರು ಬಗೆ. ಮಂದೆಯು ಋತುವಿಗೆ ತಕ್ಕಂತೆ ಒಂದರಿಂದ ಇನ್ನೊಂದಕ್ಕೆ ಸಾಗುವುದು. ಬಿಟ್ಟುಬಂದ ಕಾವಲಿನಲ್ಲಿ ಹುಲ್ಲು ಮತ್ತೆ ಚಿಗುರುವುದು. ಕೃಷ್ಣಮೃಗಕ್ಕೂ ಕುರಿಮಂದೆಗೂ ಇಂಥ ಬಯಲೇ ಆಸರೆ. ಚಳ್ಳಕೆರೆಯ ಕಂಬಳಿಗೆ ಉಣ್ಣೆ ಒದಗಿದ್ದೂ ಹೀಗೆಯೇ. 1860ರಲ್ಲಿ ಇಂಗ್ಲಿಷರು ಮಿತವ್ಯಯದ ಹೆಸರಿನಲ್ಲಿ ಮಂದೆಗಳನ್ನು ಮಾರಿದರು. ಸೈನ್ಯಕ್ಕೆ ಒಳ್ಳೆಯ ಎತ್ತು ಸಿಗದಾದಾಗ ಕೆಲವೇ ವರ್ಷಗಳಲ್ಲಿ ಮತ್ತೆ ಕೂಡಿಸಬೇಕಾಯಿತು.

2007ರಿಂದ 2010ರ ನಡುವೆ ಈ ಕಾವಲುಗಳಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆಗೆ ಸುಮಾರು 4,290 ಎಕರೆ, ಭಾಭಾ ಅಣುಶಕ್ತಿ ಕೇಂದ್ರಕ್ಕೆ 1,810, ಭಾರತೀಯ ವಿಜ್ಞಾನ ಸಂಸ್ಥೆಗೆ 1,500, ಇಸ್ರೋಗೆ 573 ಎಕರೆ ಕೊಡಲಾಯಿತು. ಗೋಡೆಗಳು ಎದ್ದವು; ಕುರಿಗಾಹಿಗಳ ದಾರಿ ತಪ್ಪಿತು. ಕೃಷ್ಣಮೃಗ, ಎರೆಭೂತ ಪಕ್ಷಿಗಳ ನೆಲೆ ಹೋಯಿತೆಂಬ ದೂರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಮುಟ್ಟಿತು. 2014ರ ಆಗಸ್ಟಿನಲ್ಲಿ ಅದರ ಚೆನ್ನೈ ಪೀಠವು ತೀರ್ಪಿತ್ತು, ಪರಿಸರ ರಕ್ಷಣೆಯ ಷರತ್ತುಗಳನ್ನು ವಿಧಿಸಿತು.

ಆಕಾಶಯಾನಕ್ಕೆ ಬಯಲು ಬೇಕು, ನಿಜ. ಆದರೆ ಕಟ್ಟಡವಿಲ್ಲದ ಭಾಗದ ಹುಲ್ಲನ್ನು ಹಳೆಯ ಪದ್ಧತಿಯಂತೆ ಋತುವಿಗೊಮ್ಮೆ ಮಂದೆಗೆ ಬಿಟ್ಟರೆ ವಿಜ್ಞಾನಕ್ಕೆ ಬರುವ ಕುಂದೇನು? ಚಿಕ್ಕದೇವರಾಜರ ಕಾವಲುಗಾರರಿಗೆ ತಿಳಿದಿದ್ದ ಈ ಲೆಕ್ಕ ಇಂದಿನ ವಿದ್ವಾಂಸರಿಗೆ ಕಷ್ಟವಾಗಬಾರದು.

2023ರ ಏಪ್ರಿಲ್ 2ರಂದು ಹೆಲಿಕಾಪ್ಟರೊಂದು ಇಸ್ರೋದ ರೆಕ್ಕೆಯ ವಾಹನವನ್ನು 4.5 ಕಿಲೋಮೀಟರ್ ಎತ್ತರದಲ್ಲಿ ಕೈಬಿಟ್ಟಿತು. ಅದು ತಾನೇ ದಾರಿ ಹಿಡಿದು ಚಳ್ಳಕೆರೆಯ ಓಡುದಾರಿಯ ಮೇಲೆ ಇಳಿದಾಗ ಬೆಳಿಗ್ಗೆ 7 ಗಂಟೆ 40 ನಿಮಿಷ. ಹಟ್ಟಿಗಳಿಂದ ಮಂದೆ ಹೊರಡುವ ಹೊತ್ತು.