ಚಪಾತಿ ಬಿಡುವ ಮೊದಲೇ ಆಗಬೇಕಾದ ಪರೀಕ್ಷೆ

ದೆಹಲಿಯ ರೋಹಿಣಿಯಲ್ಲಿ ಬೆಳಗಾದರೆ ಪರಾಠ, ರಾತ್ರಿಯಾದರೆ ರೋಟಿ. ಕರ್ನಾಟಕದಿಂದ ಬಂದು ಅಲ್ಲಿ ನೆಲೆಸುವ ಮನೆಗಳಲ್ಲೂ ಒಂದು ತಲೆಮಾರು ಕಳೆಯುವಷ್ಟರಲ್ಲಿ ಮಕ್ಕಳ ಡಬ್ಬಿಗೆ ಗೋಧಿ ಬಂದುಬಿಡುತ್ತದೆ. ಏಮ್ಸ್‌ನ ಡಾ. ಗೋವಿಂದ ಮಖಾರಿಯಾ ಅವರ ತಂಡ ರಾಜಧಾನಿ ಪ್ರದೇಶದ ಹತ್ತು ಸಾವಿರಕ್ಕೂ ಹೆಚ್ಚು ಜನರನ್ನು ಸಮೀಕ್ಷೆಗೆ ಒಳಪಡಿಸಿ 2011ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಅಲ್ಲಿ ಸುಮಾರು 96 ಮಂದಿಯಲ್ಲಿ ಒಬ್ಬರಿಗೆ ಸೀಲಿಯಾಕ್ ಕಾಯಿಲೆ ಇದೆ. ಗೋಧಿ, ಬಾರ್ಲಿಗಳಲ್ಲಿರುವ ಗ್ಲುಟೆನ್ ಹೊಟ್ಟೆಗೆ ಹೋದಾಗ ದೇಹದ ರಕ್ಷಣಾ ವ್ಯವಸ್ಥೆ ಕೆರಳಿ ಸ್ವಂತ ಸಣ್ಣ ಕರುಳನ್ನೇ ಹಾಳುಮಾಡುವ ಕಾಯಿಲೆ ಇದು.

1888ರಲ್ಲಿ ಲಂಡನ್ನಿನ ಸ್ಯಾಮ್ಯುಯೆಲ್ ಗೀ ಇದನ್ನು ವಿವರಿಸಿದಾಗ ವೈದ್ಯರಿಗಿದ್ದ ಆಧಾರ ಕಣ್ಣಳತೆ ಮಾತ್ರ: ಉಬ್ಬಿದ ಹೊಟ್ಟೆ, ಸೊರಗಿದ ಕೈಕಾಲು, ನಿಲ್ಲದ ಭೇದಿ. ಆಹಾರದಿಂದಲೇ ವಾಸಿಯಾಗಬೇಕು ಎಂದು ಅವರಿಗೆ ಹೊಳೆದಿತ್ತು. ಯಾವ ಆಹಾರ ಎಂಬುದು ತಿಳಿದಿರಲಿಲ್ಲ. ಗೋಧಿಯೇ ಕಾರಣವೆಂದು ಡಚ್ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ ತಮ್ಮ 1950ರ ಪ್ರಬಂಧದಲ್ಲಿ ತೋರಿಸಿಕೊಟ್ಟರು. 1956ರಲ್ಲಿ ಮಾರ್ಗೊ ಶೈನರ್ ಬಾಯಿಯ ಮೂಲಕ ಕೊಳವೆ ಇಳಿಸಿ ಸಣ್ಣ ಕರುಳಿನ ಚೂರು ತೆಗೆಯುವ ವಿಧಾನವನ್ನು ವರದಿ ಮಾಡಿದ ಮೇಲೆ, ಆಹಾರ ಹೀರುವ ಬೆರಳಿನಾಕಾರದ ಎಳೆಗಳು ಸವೆದಿರುವುದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ರೋಗ ಗುರುತಿಸುವುದು ಸಾಧ್ಯವಾಯಿತು. 1969ರ ಯುರೋಪಿನ ನಿಯಮವಂತೂ ಕಠಿಣವಾಗಿತ್ತು. ಗೋಧಿ ತಿನ್ನುವಾಗ ಒಂದು ಬಯಾಪ್ಸಿ, ಬಿಟ್ಟ ಮೇಲೆ ಒಂದು, ಮತ್ತೆ ತಿನ್ನಿಸಿ ಇನ್ನೊಂದು. ಆ ಮಕ್ಕಳು ಪಟ್ಟ ಪಾಡನ್ನು ನೆನೆದರೆ ಸಂಕಟವಾಗುತ್ತದೆ. 1990ರಲ್ಲಿ ಅದು ಬಹುಪಾಲು ಒಂದಕ್ಕಿಳಿಯಿತು. 1997ರಲ್ಲಿ ಟಿಶ್ಯೂ ಟ್ರಾನ್ಸ್‌ಗ್ಲುಟಮಿನೇಸ್ ಎಂಬ ಕಿಣ್ವದ ಪಾತ್ರ ಬಯಲಾದ ಮೇಲೆ ಇಂದಿನ ಟಿಟಿಜಿ ರಕ್ತ ಪರೀಕ್ಷೆ ಬಂತು.

ಭಾರತದಲ್ಲಿ ಉತ್ತರದ ಮಕ್ಕಳಲ್ಲಿ ಈ ಕಾಯಿಲೆ ಇರುವುದು 1966ರಲ್ಲೇ ವರದಿಯಾಗಿತ್ತು. ಆದರೂ ಬಹುಕಾಲ ಇದು ಬಿಳಿಯರ ರೋಗವೆಂದೇ ಎಣಿಕೆ. ಇಲ್ಲಿ ಕರುಳಿನ ಎಳೆ ಸವೆಯಲು ಜಿಯಾರ್ಡಿಯಾ, ಟ್ರಾಪಿಕಲ್ ಸ್ಪ್ರೂಗಳಂಥ ಬೇರೆ ಕಾರಣಗಳೂ ಇರುವುದರಿಂದ ಬಯಾಪ್ಸಿ ಒಂದನ್ನೇ ನಂಬುವಂತಿಲ್ಲ. ಎಷ್ಟೋ ಜನರಿಗೆ ಭೇದಿಯೇ ಇರುವುದಿಲ್ಲ. ಕಬ್ಬಿಣದ ಮಾತ್ರೆಗೆ ಬಗ್ಗದ ರಕ್ತಹೀನತೆ, ಬೆಳೆಯದ ಎತ್ತರ ಇವಷ್ಟೇ ಸುಳಿವು.

‘ನಮ್ಮ ಕಡೆಯವರಿಗೆ ಇದು ಬರುವುದಿಲ್ಲ’ ಎಂಬ ಮಾತಿಗೆ ಉತ್ತರ 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿದೆ. ಕಾಯಿಲೆಗೆ ದಾರಿ ಮಾಡುವ ವಂಶವಾಹಿ ಉತ್ತರದಲ್ಲೂ ದಕ್ಷಿಣದಲ್ಲೂ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಜನರಲ್ಲಿತ್ತು. ದಿನದ ಗೋಧಿ ಮಾತ್ರ ಉತ್ತರದಲ್ಲಿ 455 ಗ್ರಾಂ, ದಕ್ಷಿಣದಲ್ಲಿ 25 ಗ್ರಾಂ. ದಕ್ಷಿಣದಲ್ಲಿ ಕಾಯಿಲೆ ತೀರಾ ವಿರಳವಾಗಿತ್ತು, ನಿಜ. ಆದರೆ ರೋಹಿಣಿಗೆ ಹೋದ ಕುಟುಂಬ ವಂಶವಾಹಿಯನ್ನು ಊರಲ್ಲಿ ಬಿಟ್ಟು ಹೋಗಿರುವುದಿಲ್ಲ.

ನನ್ನನ್ನು ಹೆಚ್ಚು ಕಾಡುವುದು ಈಚಿನ ಆತುರ. ಹೊಟ್ಟೆ ಉಬ್ಬರಿಸಿತೆಂದು ತಾವೇ ಗೋಧಿ ಬಿಟ್ಟು, ತಿಂಗಳುಗಳ ನಂತರ ಪರೀಕ್ಷೆಗೆ ಬರುತ್ತಾರೆ. ಅಷ್ಟರಲ್ಲಿ ಟಿಟಿಜಿ ಇಳಿದಿರುತ್ತದೆ, ಕರುಳು ಚೇತರಿಸಿಕೊಳ್ಳುತ್ತಿರುತ್ತದೆ, ರೋಗ ಕಣ್ತಪ್ಪುತ್ತದೆ. ಆದ್ದರಿಂದ ಗೋಧಿ ತಿನ್ನುತ್ತಿರುವಾಗಲೇ ಟಿಟಿಜಿ ಜೊತೆಗೆ ಒಟ್ಟು ಐಜಿಎ ಎಂಬ ಪ್ರತಿಕಾಯದ ಪರೀಕ್ಷೆಯನ್ನೂ ಮಾಡಿಸಬೇಕು. ಐಜಿಎ ಕೊರತೆ ಇದ್ದವರಲ್ಲಿ ಟಿಟಿಜಿ ಸುಳ್ಳು ಸಮಾಧಾನ ಕೊಡುತ್ತದೆ. ಸಂಶಯ ಉಳಿದರೆ ಎಂಡೋಸ್ಕೋಪಿಯಲ್ಲಿ ಹಲವು ಕಡೆಯಿಂದ ಚೂರು ತೆಗೆಯಬೇಕು, ಏಕೆಂದರೆ ಸವೆತ ಎಲ್ಲೆಡೆ ಒಂದೇ ಸಮ ಇರುವುದಿಲ್ಲ. ಟಿಟಿಜಿ ಮಿತಿಗಿಂತ ಹತ್ತು ಪಟ್ಟು ಮೀರಿ, ಇನ್ನೊಂದು ರಕ್ತ ಪರೀಕ್ಷೆಯೂ ಒಪ್ಪಿದರೆ ಮಕ್ಕಳಿಗೆ ಬಯಾಪ್ಸಿ ಬೇಡವೆಂದು 2020ರ ಯುರೋಪಿನ ಮಾರ್ಗಸೂಚಿ ಹೇಳುತ್ತದೆ. ವಂಶವಾಹಿ ಪರೀಕ್ಷೆ ರೋಗವನ್ನು ಬಹುಮಟ್ಟಿಗೆ ತಳ್ಳಿಹಾಕಲು ನೆರವಾಗುತ್ತದೆ, ಖಚಿತಪಡಿಸಲು ಅಲ್ಲ.

ಇಷ್ಟು ಹಟ ಯಾಕೆಂದರೆ, ಪಥ್ಯ ಜೀವನಪೂರ್ತಿ. ಸಾರಿಗೆ ಹಾಕುವ ಇಂಗಿನ ಪುಡಿಯಲ್ಲೂ ಗೋಧಿ ಹಿಟ್ಟು ಬೆರೆತಿರುವುದುಂಟು. ಒಬ್ಬರಿಗೆ ರೋಗ ಖಚಿತವಾದರೆ ಅಪ್ಪ, ಅಮ್ಮ, ಒಡಹುಟ್ಟಿದವರು, ಮಕ್ಕಳು ಎಲ್ಲರೂ, ತೊಂದರೆ ಏನೂ ಇಲ್ಲದಿದ್ದರೂ, ಇದೇ ರಕ್ತ ಪರೀಕ್ಷೆ ಮಾಡಿಸಿಕೊಳ್ಳಬೇಕು.