ಸೈನಿಕನ ಮನಸ್ಸನ್ನು ಕೇಳದಿದ್ದ ಕಾಲ



ಏಪ್ರಿಲ್ 25ರ ಆನ್ಜಾಕ್ ದಿನದಂದು ನಾವೂ ಮಕ್ಕಳೊಡನೆ ಯುದ್ಧಸ್ಮಾರಕದ ಮುಂದೆ ನಿಲ್ಲುತ್ತೇವೆ. ಆ ಮಕ್ಕಳಲ್ಲಿ ಕೆಲವರು ನಾಳೆ ಈ ನಾಡಿನ ಸೇನೆಯನ್ನು ಸೇರಬಯಸಿದರೆ, ವೈದ್ಯರು ಅವರ ಮನಸ್ಸಿನ ಆರೋಗ್ಯವನ್ನೂ ವಿಚಾರಿಸುತ್ತಾರೆ. ಮನೋವ್ಯಾಧಿಯ ಮಾತನ್ನು ಮನೆಯೊಳಗೇ ಮುಚ್ಚಿಡುವ ರೂಢಿಯುಳ್ಳ ನಮಗೆ ಈ ಪ್ರಶ್ನೆ ಕಸಿವಿಸಿ ತರಬಹುದು. ಆದರೆ ಅದನ್ನು ಕೇಳದಿದ್ದ ಕಾಲವೊಂದಿತ್ತು.

ಮೊದಲನೆಯ ಮಹಾಯುದ್ಧದಲ್ಲಿ ಸೇನೆಗೆ ಸೇರುವವರ ಎದೆ, ಕಣ್ಣು, ಹಲ್ಲುಗಳ ಪರೀಕ್ಷೆಯೇ ಪ್ರಧಾನವಾಗಿತ್ತು. ‘ಶೆಲ್ ಶಾಕ್’ ಎಂಬ ಹೆಸರು ವೈದ್ಯಪತ್ರಿಕೆಯಲ್ಲಿ ಕಾಣಿಸಿಕೊಂಡದ್ದೇ 1915ರಲ್ಲಿ, ಚಾರ್ಲ್ಸ್ ಮೈಯರ್ಸ್ ಅವರ ಲೇಖನದ ಮೂಲಕ. ಅದೇ ವರ್ಷ ಸೌತ್‌ಲ್ಯಾಂಡಿನ ವಿಕ್ಟರ್ ಸ್ಪೆನ್ಸರ್ ಎಂಬ ತರುಣ ಸ್ವಇಚ್ಛೆಯಿಂದ ಸೇನೆ ಸೇರಿದ. 1916ರಲ್ಲಿ ಫ್ರಾನ್ಸಿನ ಆರ್ಮಂಟಿಯೇರ್ ಬಳಿ ಶೆಲ್ಲಿನ ಸ್ಫೋಟಕ್ಕೆ ಸಿಕ್ಕಿ ಆಸ್ಪತ್ರೆ ಕಂಡ; ಬಳಿಕ ಮತ್ತೆ ಕಂದಕಕ್ಕೇ ಕಳುಹಿಸಲಾಯಿತು. ಹೊಸದಾಗಿ ಸೇರುವವನಿಗಾದರೂ ಒಂದು ಪರೀಕ್ಷೆಯಿತ್ತು; ಮುರಿದ ಮನಸ್ಸಿನೊಡನೆ ಮರಳಿ ಸೇರುವವನಿಗೆ ತಕ್ಕ ಪರೀಕ್ಷೆಯೇ ಇರಲಿಲ್ಲ. ಸ್ಪೆನ್ಸರ್ ದಳವನ್ನು ಬಿಟ್ಟುಹೋದ, ಸೆರೆಸಿಕ್ಕಿದ. ಆ ಸ್ಫೋಟದ ನಂತರ ತನ್ನ ನರಗಳು ಸೋತುಹೋಗಿವೆಯೆಂದು ಸೈನಿಕ ನ್ಯಾಯಾಲಯದ ಮುಂದೆ ಹೇಳಿಕೊಂಡರೂ 1918ರ ಫೆಬ್ರವರಿ 24ರಂದು ಅವನನ್ನು ಗುಂಡಿಕ್ಕಿ ಕೊಲ್ಲಲಾಯಿತು.

ಇಲ್ಲೊಂದು ವೈಪರೀತ್ಯವನ್ನು ಗಮನಿಸಬೇಕು. ಯುದ್ಧವನ್ನೇ ಒಪ್ಪದ ಆರ್ಚಿಬಾಲ್ಡ್ ಬ್ಯಾಕ್ಸ್‌ಟರ್ ಅವರನ್ನು (ಕವಿ ಜೇಮ್ಸ್ ಕೆ. ಬ್ಯಾಕ್ಸ್‌ಟರರ ತಂದೆ) 1917ರಲ್ಲಿ ಬಲವಂತವಾಗಿ ರಣರಂಗಕ್ಕೆ ಸಾಗಿಸಿ, ಕಂಬಕ್ಕೆ ಕಟ್ಟಿ ದಂಡಿಸಿದರು. ಕಡೆಗೆ ವೈದ್ಯರು ಅವರನ್ನು ಮತಿಭ್ರಮಿತರೆಂದು ಘೋಷಿಸಿದ್ದರಿಂದ 1918ರಲ್ಲಿ ಸ್ವದೇಶಕ್ಕೆ ಮರಳಿದರು. ಸೇರಲೊಲ್ಲದವರಿಗೆ ಸಿಕ್ಕ ಆ ಚೀಟಿ, ತಾನಾಗಿ ಸೇರಿದವನಿಗೆ ಸಿಗಲಿಲ್ಲ.

ಆ ಹೊತ್ತಿಗೆ ಇತ್ತ ದಕ್ಷಿಣ ದ್ವೀಪದ ಹ್ಯಾನ್ಮರ್ ಸ್ಪ್ರಿಂಗ್ಸ್‌ನಲ್ಲಿ, ಬಿಸಿನೀರಿನ ಬುಗ್ಗೆಗಳ ಪಕ್ಕದಲ್ಲಿ, 1916ರಿಂದಲೇ ಸೈನಿಕರ ಆಸ್ಪತ್ರೆ ನಡೆಯುತ್ತಿತ್ತು. ಮುಂದೆ ಕ್ವೀನ್ ಮೇರಿ ಆಸ್ಪತ್ರೆಯೆನಿಸಿ, ಮನೋವ್ಯಥೆಯ ಚಿಕಿತ್ಸೆಗೆ ಹೆಸರಾಗಿ, 2003ರಲ್ಲಿ ಮುಚ್ಚಿದ ಸಂಸ್ಥೆಯದು. ಅಂದರೆ ಕರುಣೆಯ ಅಭಾವ ನಾಡಿನಲ್ಲಿರಲಿಲ್ಲ. ಅದು ಕಂದಕದವರೆಗೆ ತಲುಪಲಿಲ್ಲ, ಅಷ್ಟೆ.

ಆ ಯುದ್ಧದಲ್ಲಿ ನ್ಯೂಜಿಲೆಂಡಿನ 28 ಸೈನಿಕರಿಗೆ ಮರಣದಂಡನೆ ವಿಧಿಸಿ, ಐವರನ್ನು ಕೊಲ್ಲಲಾಯಿತು. ನಾಲ್ವರ ಮೇಲಿದ್ದುದು ಸೇನೆ ತ್ಯಜಿಸಿದ ಆರೋಪ, ಒಬ್ಬನ ಮೇಲೆ ದಂಗೆಯ ಆರೋಪ. ನೆರೆಯ ಆಸ್ಟ್ರೇಲಿಯಾ ತನ್ನ ಸೈನಿಕರ ಮೇಲೆ ಅಂತಹ ಶಿಕ್ಷೆ ಜಾರಿಯಾಗಲು ಬಿಡಲಿಲ್ಲ. ಕಡೆಗೆ 2000ದಲ್ಲಿ ಇಲ್ಲಿನ ಸಂಸತ್ತು ಕಾನೂನೊಂದರ ಮೂಲಕ ಐವರಿಗೂ ಕ್ಷಮೆ ನೀಡಿತು. ಸತ್ತವರಿಗೂ ಅವರ ಕುಟುಂಬಗಳಿಗೂ ಅಂಟಿದ ಅಪಕೀರ್ತಿಯನ್ನು ಸಾಧ್ಯವಾದಷ್ಟು ತೊಡೆಯುವುದೇ ಅದರ ಉದ್ದೇಶ. ಸ್ಪೆನ್ಸರನ ಮನೆಯವರ ಪಾಲಿಗೆ ಅದು ಬಂದದ್ದು 82 ವರ್ಷಗಳ ಮೇಲೆ.