ಅಷ್ಟೂರಿನ ಗುಂಬಜ್, ದೌಲತಾಬಾದಿನ ಹೊಂಡ



ರವಿವಾರ ಆಫೀಸಿಗೆ ಸೂಟಿ ಇದ್ದಾಗ ಮನ್ನಳ್ಳಿಯಿಂದ ಬೀದರ್ ದಾಟಿ ಅಷ್ಟೂರಿಗೆ ಸೈಕಲ್ ಮೇಲೆ ಹೋಗ್ತೀನಿ. ಖಾಲಿ ರಸ್ತೆ, ಬಾಜೂಕ ತೊಗರಿ ಹೊಲ, ದೂರದಿಂದಲೇ ಕಾಣುವ ಬಹಮನಿ ಸುಲ್ತಾನರ ಗುಂಬಜ್‌ಗಳು. 1461ರಲ್ಲಿ ತೀರಿಹೋದ ಹುಮಾಯೂನ್ ಶಾಹನ ಗುಂಬಜ್ ಸಿಡಿಲು ಬಡಿದು ಅರ್ಧ ಸೀಳಿ ನಿಂತದೆ. ಅಲ್ಲಿ ಯಾರೂ ನನ್ನ ಜಾತಿ ಕೇಳಲ್ಲ. ದಾರಿಯ ಹಳ್ಳಿಯಲ್ಲಿ ನೀರು ಕೇಳಿದರೆ ಮಾತ್ರ, "ನೀವು ಯಾವ ಪೈಕಿ?" ಅಂತಾರೆ.

ಈ ಪ್ರಶ್ನೆ ಹಳೇದು. 1934ರಲ್ಲಿ ಬಾಬಾಸಾಹೇಬರು ಸಂಗಾತಿಗಳ ಜೊತೆ ದೌಲತಾಬಾದ್ ಕೋಟೆ ನೋಡಲು ಹೋದರು. ನಮ್ಮ ಬೀದರಿನಂತೆ ಅದೂ ಆಗ ನಿಜಾಮರ ರಾಜ್ಯದಲ್ಲೇ ಇತ್ತು. ಬಾಗಿಲ ಬಳಿಯ ಹೊಂಡದಲ್ಲಿ ಕೈಕಾಲಿನ ಧೂಳು ತೊಳೆದದ್ದಕ್ಕೆ ಮಂದಿ ಕೂಡಿ ಬೈದರು. ಕೊನೆಗೆ ಒಳಗೆ ಬಿಟ್ಟರು, ಆದರೆ ಎಲ್ಲೂ ನೀರು ಮುಟ್ಟಬಾರದು ಅಂತ ಷರತ್ತು; ಕಾವಲಿಗೆ ಬಂದೂಕಿನ ಸಿಪಾಯಿ. 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಅವರೇ ಇದನ್ನು ಬರೆದಿದ್ದಾರೆ.

ಕಲ್ಲು ನೋಡಬಹುದು, ನೀರು ಮುಟ್ಟಬಾರದು!

1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೇ ವಿಧಿ ಬಾವಿ, ಕೆರೆ, ಸ್ನಾನಘಟ್ಟಗಳ ಜೊತೆ ರಸ್ತೆಯನ್ನೂ ಹೆಸರಿಟ್ಟು ಹೇಳಿದೆ: ಸಾರ್ವಜನಿಕರ ಈ ಜಾಗಗಳಲ್ಲಿ ಜಾತಿ ನೋಡಿ ಯಾರನ್ನೂ ತಡೆಯುವಂತಿಲ್ಲ. ರಸ್ತೆ ನಮ್ಮದಾಗಿದೆ, ನೀರು ಇನ್ನೂ ಪೂರ್ತಿ ಆಗಿಲ್ಲ.

ನಿಮ್ಮ ಮಕ್ಕಳನ್ನು ಅಷ್ಟೂರಿಗೆ ಕರ್ಕೊಂಡು ಹೋಗ್ರಿ. ಸುಲ್ತಾನರ ಕತೆ ಹೇಳುವಾಗ ಆ ಹೊಂಡದ ಕತೆಯನ್ನೂ ಹೇಳ್ರಿ.